ಆಷಾಢದ ಉಗುರು: ಹಂಪಿ ಸೀಮೆಯಲ್ಲಿ ಉಗುರುಬಣ್ಣದ ಋತುಗಳು

ಉಗುರಿಗೆ ಬಣ್ಣ ಕೊಡುವ ರೂಢಿ ತುಂಗಭದ್ರೆಯ ಬಲದಂಡೆಯ ಸೀಮೆಗೆ ಸೀಸೆಯ ಬಣ್ಣ ಬರುವುದಕ್ಕಿಂತ ಬಹಳ ಹಿಂದಿನದು. ಹೊಸಪೇಟೆ, ಹಂಪಿ, ಕಂಪ್ಲಿ ನದಿಯ ಅಂಚಿನ ಊರುಗಳು. ಸಂಡೂರು ಅವುಗಳ ದಕ್ಷಿಣಕ್ಕೆ ಗುಡ್ಡಗಳು ಸುತ್ತುವರಿದ ಕಣಿವೆ. ಇಂದಿನ ಆಡಳಿತದ ಲೆಕ್ಕದಲ್ಲಿ ಹೊಸಪೇಟೆ, ಹಂಪಿ 2021ರಲ್ಲಿ ಆದ ವಿಜಯನಗರ ಜಿಲ್ಲೆಗೂ ಕಂಪ್ಲಿ, ಸಂಡೂರು ಬಳ್ಳಾರಿ ಜಿಲ್ಲೆಗೂ ಸೇರಿವೆ. ನಾಲ್ಕೂ ಕಡೆ ಹೆಂಗಸರ ಉಗುರು ಕೆಂಪಾಗುತ್ತಿದ್ದುದು ಮುಖ್ಯವಾಗಿ ಒಂದೇ ಗಿಡದಿಂದ: ಗೋರಂಟಿ, ಅಂದರೆ ಮದರಂಗಿ. ಬಣ್ಣ ಒಂದೇ ಆದರೂ ಅದನ್ನು ಹಚ್ಚುವುದಕ್ಕೆ ಕಾಲವಿತ್ತು. ಆ ಕಾಲವನ್ನು ಗೊತ್ತುಮಾಡುತ್ತಿದ್ದುದು ಮಳೆ, ಹೊಲದ ಕೆಲಸ ಮತ್ತು ಹಬ್ಬಗಳು.

ಹೆಸರಿನಲ್ಲಿಯೇ ಉಗುರು ಇದೆ. ಕನ್ನಡದ ‘ಉಗುರು’ ತೆಲುಗಿನಲ್ಲಿ ‘ಗೋರು’. ಗೋರಿಗೆ ಅಂಟುವ ಎಲೆ ಗೋರಿಂಟಾಕು ಎಂದು ತೆಲುಗಿನವರು ಬಿಡಿಸಿ ಹೇಳುವುದುಂಟು. ಕನ್ನಡದ ಗೋರಂಟಿ ಅದರ ಒಡಹುಟ್ಟು. ಸಂಸ್ಕೃತದಲ್ಲಿ ಈ ಗಿಡಕ್ಕೆ ನಖರಂಜನಿ ಎಂಬ ಹೆಸರೂ ಇದೆ, ಉಗುರಿಗೆ ಬಣ್ಣ ಕೊಡುವುದು ಎಂದೇ ಅದರ ಅರ್ಥ. ಅಂಗೈಯ ಚಿತ್ತಾರವೇ ಮದರಂಗಿ ಎಂದು ಈಗ ತಿಳಿಯುವವರು ಹೆಚ್ಚು. ಹೆಸರುಗಳು ಹೇಳುವ ಮಾತು ಬೇರೆ: ಗಿಡದ ಮೊದಲ ಕೆಲಸ ಉಗುರಿನದು. ಈ ಸೀಮೆಯ ಮನೆಗಳಲ್ಲಿ ಎರಡು ಭಾಷೆಗಳೂ ಒಟ್ಟಿಗೆ ಬಾಳಿವೆ. ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು. ಅಂದು ಹೊಸಪೇಟೆ, ಸಂಡೂರು ಸೇರಿದ ಕನ್ನಡದ ತಾಲ್ಲೂಕುಗಳು ಮೈಸೂರಿಗೆ ಬಂದವು, ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಆಷಾಢದಲ್ಲಿ ಗೋರಂಟಿ ಹಚ್ಚಲೇಬೇಕು ಎಂಬ ತೆಲುಗು ಮನೆಗಳ ಕಟ್ಟಳೆಯೂ, ನಾಗರಪಂಚಮಿಗೆ ಮದರಂಗಿ ಬೇಕೇ ಬೇಕು ಎಂಬ ಉತ್ತರ ಕರ್ನಾಟಕದ ರೂಢಿಯೂ ಇಲ್ಲಿ ಪಕ್ಕಪಕ್ಕದಲ್ಲಿ ನಡೆದು ಬಂದಿರುವುದಕ್ಕೆ ಈ ನೆರೆಹೊರೆಯೇ ಕಾರಣ.

ಋತುವಿಗೆ ತಕ್ಕ ಬಣ್ಣ ಎಂಬ ವಿಚಾರ ಈ ನೆಲಕ್ಕೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜನಾದವನು ಯಾವ ಋತುವಿನಲ್ಲಿ ಎಂಥ ಬಟ್ಟೆ ಉಡಬೇಕು, ಮೈಗೆ ಯಾವ ಲೇಪನ ಹಚ್ಚಬೇಕು ಎಂಬುದನ್ನು ವಿಂಗಡಿಸಿ ಹೇಳಿದೆ. ಆ ವಂಶಕ್ಕೆ ಕಂಪ್ಲಿಯೂ ಹತ್ತಿರದ ಊರೇ. ಅಲ್ಲಿದ್ದ ಚಾಲುಕ್ಯರ ಅರಮನೆಯನ್ನು 11ನೆಯ ಶತಮಾನದಲ್ಲಿ ಚೋಳ ರಾಜಾಧಿರಾಜನ ದಂಡು ನೆಲಸಮ ಮಾಡಿತು. ಅರಮನೆಯ ಹೆಂಗಸರ ಕಾಲಿಗೆ, ಬೆರಳಿಗೆ ಬಳಿಯುತ್ತಿದ್ದ ಕೆಂಪು ಅರಗಿನದು; ಹಳಗನ್ನಡದಲ್ಲಿ ಅದು ಅಲತಿಗೆ. ಅರಗಿನ ಹುಳುವಿನಿಂದ ತೆಗೆಯುವ ಬಣ್ಣ ಸುಲಭಕ್ಕೆ ಸಿಗುವಂಥದ್ದಲ್ಲ. ಬೇಲಿಯಲ್ಲಿ ಬೆಳೆಯುವ ಗೋರಂಟಿಗೆ ದುಡ್ಡು ಬೇಡ. ಉಗುರಿನ ಕೆಂಪು ಅರಮನೆಯಲ್ಲಷ್ಟೇ ಅಲ್ಲದೆ ಗುಡಿಸಲಿನಲ್ಲೂ ಇದ್ದುದಕ್ಕೆ ಈ ಗಿಡದ ಅಗ್ಗತನವೇ ಮೂಲ.

ವಿಜಯನಗರದ ಕಾಲಕ್ಕೆ ಬಂದರೆ ಬಣ್ಣದ ಹಬ್ಬಗಳ ಸಾಕ್ಷಿ ಕಲ್ಲಿನಲ್ಲೂ ಪ್ರವಾಸಿಗರ ಬರಹದಲ್ಲೂ ದೊರೆಯುತ್ತದೆ. ಸುಮಾರು 1420ರಲ್ಲಿ ಬಂದ ಇಟಲಿಯ ನಿಕೊಲೊ ಕೋಂಟಿ ಮೂರು ದಿನದ ಒಂದು ಹಬ್ಬವನ್ನು ವರ್ಣಿಸಿದ್ದಾನೆ: ಬೀದಿಯಲ್ಲಿ ಕೇಸರಿ ನೀರು ತುಂಬಿಟ್ಟು ಹಾದು ಹೋಗುವವರ ಮೇಲೆಲ್ಲ ಎರಚುತ್ತಿದ್ದರು, ರಾಜ ರಾಣಿಯರನ್ನೂ ಬಿಡುತ್ತಿರಲಿಲ್ಲ. ಮಹಾನವಮಿ ದಿಬ್ಬದ ಉಬ್ಬುಶಿಲ್ಪಗಳಲ್ಲಿ ಬಣ್ಣದ ನೀರು ಚಿಮ್ಮಿಸಿ ಆಡುವ ಹೆಂಗಸರಿದ್ದಾರೆ. 1443ರಲ್ಲಿ ಇಲ್ಲಿಗೆ ಬಂದ ಅಬ್ದುಲ್ ರಜಾಕನಿಗೆ ಊರಿನ ಗುಲಾಬಿಯ ಮೋಹ ಕಣ್ಣಿಗೆ ಬಿತ್ತು. ಊಟದಷ್ಟೇ ಗುಲಾಬಿಯೂ ಇವರಿಗೆ ಬೇಕು ಎಂಬರ್ಥದ ಮಾತು ಬರೆದ. ಕೃಷ್ಣದೇವರಾಯನ ಕಾಲದಲ್ಲಿ ಬಂದ ದೊಮಿಂಗೊ ಪಾಯೆಸ್ ಮಹಾನವಮಿಯ ಮೆರವಣಿಗೆಯಲ್ಲಿ ಒಡವೆಯ ಭಾರಕ್ಕೆ ಬಳಲಿದ ಹೆಂಗಸರನ್ನು ಕಂಡ. ಅದೇ ರಾಯ ನಾಗಲಾದೇವಿಯ ಹೆಸರಲ್ಲಿ ಕಟ್ಟಿಸಿದ ನಾಗಲಾಪುರವೇ ಇಂದಿನ ಹೊಸಪೇಟೆ. ಅವನ ತೆಲುಗು ಕಾವ್ಯ ‘ಆಮುಕ್ತಮಾಲ್ಯದ’ ಋತುವರ್ಣನೆಗೆ, ಅದರಲ್ಲೂ ಮಳೆಗಾಲದ ವರ್ಣನೆಗೆ ಹೆಸರಾದದ್ದು.

ವಿಜಯನಗರ ಪಟ್ಟಣದಲ್ಲಿ ಎರಡು ಪಂಚಾಂಗಗಳು ಇದ್ದವು ಎಂಬುದು ಉಗುರಿನ ಚರಿತ್ರೆಗೆ ಮುಖ್ಯ. ಹಂಪಿಯಲ್ಲಿ 1439ರಲ್ಲಿ, ಇಮ್ಮಡಿ ದೇವರಾಯನ ಆಳ್ವಿಕೆಯಲ್ಲಿ, ಅಹ್ಮದ್ ಖಾನ್ ಕಟ್ಟಿಸಿದ ಮಸೀದಿ ಇಂದಿಗೂ ನಿಂತಿದೆ. ಮುಸ್ಲಿಮರ ಮನೆಗಳು ಅಂದಿನಿಂದಲೂ ಈ ಸೀಮೆಯ ಭಾಗ. ಹಿಂದೂ ಹಬ್ಬಗಳ ಚಾಂದ್ರಮಾನಕ್ಕೆ ಅಧಿಕ ಮಾಸ ಸೇರಿಸಿ ಸೂರ್ಯನ ಜೊತೆ ಹೊಂದಿಸುತ್ತಾರೆ. ಹೀಗಾಗಿ ಆಷಾಢದ ಗೋರಂಟಿ ಎಂದೂ ಮಳೆಗಾಲ ಬಿಟ್ಟು ಹೋಗುವುದಿಲ್ಲ. ಹಿಜರಿ ವರ್ಷಕ್ಕೆ ಆ ಹೊಂದಾಣಿಕೆ ಇಲ್ಲ. ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತ ಸುಮಾರು 33 ವರ್ಷಕ್ಕೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಈದ್‌ನ ಹಿಂದಿನ ರಾತ್ರಿ ಹಚ್ಚುವ ಮೆಹಂದಿ ಒಂದು ವರ್ಷ ಸುಡುಬಿಸಿಲಿನಲ್ಲಿ ಗಾಢವಾಗಿ ಏರಿದರೆ, ಕೆಲವು ವರ್ಷಗಳ ಬಳಿಕ ಚಳಿಯಲ್ಲಿ ತೆಳ್ಳಗೆ ಉಳಿಯುತ್ತದೆ. ಒಂದೇ ಕಂಪೌಂಡಿನ ಗಿಡದಿಂದ ಎಲೆ ಕಿತ್ತ ಎರಡು ಮನೆಗಳಲ್ಲಿ, ಒಂದರ ಉಗುರು ಮಳೆಯನ್ನು ಕಾಯುತ್ತಿತ್ತು, ಇನ್ನೊಂದರದು ಚಂದ್ರನನ್ನು.

ಮಳೆಗೂ ಗೋರಂಟಿಗೂ ಇರುವ ನಂಟು ಬರಿಯ ನಂಬಿಕೆಯಲ್ಲ. ಗೋರಂಟಿ ಬರ ತಡೆಯುವ ಗಿಡ. ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದರೂ ಬೇಲಿಯಲ್ಲಿ ಜೀವ ಹಿಡಿದು ನಿಂತು, ಮುಂಗಾರು ಬಿದ್ದ ಕೂಡಲೇ ಚಿಗುರುತ್ತದೆ. ಬಣ್ಣ ಕೊಡುವ ಲಾಸೋನ್ ಎಂಬ ವಸ್ತು ಹೆಚ್ಚಾಗಿ ಇರುವುದು ಎಳೆಯ ಎಲೆಗಳಲ್ಲಿ. ಆ ಎಲೆಯನ್ನು ಹುಣಸೆಹುಳಿ ಅಥವಾ ನಿಂಬೆರಸ ಸೇರಿಸಿ ಒರಳಲ್ಲಿ ನುಣ್ಣಗೆ ರುಬ್ಬುತ್ತಿದ್ದರು. ಕೆಲವರು ಕಾಚು, ಅಡಿಕೆ, ಚಹಾದ ಡಿಕಾಕ್ಷನ್ ಹಾಕುವುದೂ ಇತ್ತು. ಹುಳಿ ಬಿದ್ದರೆ ಎಲೆಯೊಳಗಿನ ಬಣ್ಣ ಚೆನ್ನಾಗಿ ಬಿಡುಗಡೆಯಾಗುತ್ತದೆ. ಅಜ್ಜಿಯರು ಹುಣಸೆ ಬಿಡದೆ ಹಾಕುತ್ತಿದ್ದುದರ ಹಿಂದೆ ಸರಿಯಾದ ಕಾರಣವಿತ್ತು. ರುಬ್ಬಿದ್ದನ್ನು ಬೆರಳ ತುದಿಗೆ ಟೋಪಿಯಂತೆ ಕೂರಿಸಿ, ಅಂಗೈ ನಡುವೆ ದುಂಡಗೆ ಚಂದ್ರನನ್ನಿಟ್ಟು, ಸುತ್ತ ಚುಕ್ಕೆ ಇಟ್ಟರೆ ಅಲಂಕಾರ ಮುಗಿಯಿತು. ರಾತ್ರಿ ಹಚ್ಚಿ, ಬಟ್ಟೆಯನ್ನೋ ಎಲೆಯನ್ನೋ ಸುತ್ತಿ ಮಲಗಿದರೆ ಬೆಳಗ್ಗೆ ಕಿತ್ತಳೆ, ಮರುದಿನ ಕೆಂಪು, ಆಮೇಲೆ ಕೆಂಗಂದು.

ಚರ್ಮ ಮತ್ತು ಉಗುರು ಎರಡೂ ಕೆರಾಟಿನ್ ಎಂಬ ಪ್ರೋಟೀನಿನವು. ಲಾಸೋನ್ ಅದರೊಳಗೆ ಇಳಿದು ಅಂಟುತ್ತದೆ. ಚರ್ಮದ ಮೇಲ್ಪದರ ಎರಡು ಮೂರು ವಾರದಲ್ಲಿ ಉದುರುವುದರಿಂದ ಅಂಗೈಯ ಚಂದ್ರ ಬೇಗ ಮಾಸುತ್ತಾನೆ. ಉಗುರಿನ ಬಣ್ಣ ಮಾಸುವುದಿಲ್ಲ. ಉಗುರು ಬೆಳೆದಂತೆ ಮುಂದಕ್ಕೆ ಸರಿಯುತ್ತದೆ, ಅಷ್ಟೆ. ಕೈಬೆರಳ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಲೆಕ್ಕ ಹಾಕಿ ನೋಡಬಹುದು: ಆಷಾಢದ ಆರಂಭದಲ್ಲಿ ಹಚ್ಚಿದ ಕೆಂಪಿನ ಬುಡದಲ್ಲಿ ನಾಗರಪಂಚಮಿಗೆ ಬಿಳಿಯ ಅರ್ಧಚಂದ್ರ ಮೂಡಿರುತ್ತದೆ, ಗೌರಿ ಗಣೇಶನ ಹೊತ್ತಿಗೆ ಉಗುರು ಅರ್ಧ ಕೆಂಪು ಅರ್ಧ ಬಿಳಿ, ಮಹಾನವಮಿಗೆ ತುದಿಯಲ್ಲಿ ಒಂದು ಗೆರೆ, ದೀಪಾವಳಿಗೆ ಅದೂ ಇಲ್ಲ. ಮಳೆಗಾಲ ಎಷ್ಟು ಕಳೆಯಿತು ಎಂಬುದನ್ನು ಕೈನೋಡಿಯೇ ಹೇಳಬಹುದಿತ್ತು. ಇಷ್ಟು ನಿಖರವಾಗಿ ಋತುವನ್ನು ಹಿಡಿದಿಡುವ ಬಣ್ಣ ಅಪರೂಪ.

ಈ ಮಳೆಗಾಲವೇ ನಾಟಿಯ ಕಾಲ. ಕಂಪ್ಲಿಯ ಗದ್ದೆಗಳಿಗೆ ನೀರು ಬಂದದ್ದು ವಿಜಯನಗರದ ಅರಸರು ನದಿಗೆ ಒಡ್ಡು ಕಟ್ಟಿ ತಿರುಗಿಸಿದ ಕಾಲುವೆಗಳಿಂದ. ಹೊಸಪೇಟೆಯ ರಾಯ ಕಾಲುವೆ, ಬಸವಣ್ಣ ಕಾಲುವೆಗಳಲ್ಲಿ ಇಂದಿಗೂ ನೀರು ಹರಿದು ಕಬ್ಬು, ಬಾಳೆ, ಭತ್ತಕ್ಕೆ ಸಿಗುತ್ತದೆ. 1945ರಲ್ಲಿ ಕೆಲಸ ಆರಂಭವಾಗಿ 1953ರಲ್ಲಿ ನೀರು ನಿಂತ ತುಂಗಭದ್ರಾ ಅಣೆಕಟ್ಟು ಈ ಭತ್ತದ ಸೀಮೆಯನ್ನು ಬಹಳ ದೊಡ್ಡದು ಮಾಡಿತು. ನಾಟಿಗೆ ಇಳಿದ ಹೆಂಗಸರ ಕೈಕಾಲು ದಿನವಿಡೀ ಕೆಸರಲ್ಲಿ ನೆನೆಯುತ್ತವೆ. ಬೆರಳ ಸಂದಿ ಹುಣ್ಣಾಗುವುದು, ಉಗುರುಸುತ್ತು ಆಗುವುದು ಆಗ ಸಾಮಾನ್ಯ. ಗೋರಂಟಿ ಹಚ್ಚಿದರೆ ಕೆಸರು ಹುಣ್ಣು ಬಾರದು, ಮೈಯ ಉಷ್ಣ ಇಳಿಯುತ್ತದೆ ಎಂಬ ನಂಬಿಕೆಯಿಂದ ಕೂಲಿಯ ಹೆಂಗಸರೂ ಪಾದಕ್ಕೆ, ಬೆರಳಿಗೆ ಹಚ್ಚುತ್ತಿದ್ದರು. ಮೇಲೆ ಬಳಿದ ಯಾವ ಬಣ್ಣವೂ ಆ ಕೆಸರಿನಲ್ಲಿ ಎರಡು ದಿನ ಬಾಳುವುದಿಲ್ಲ. ಉಗುರಿನೊಳಗೇ ಇಳಿದ ಕೆಂಪು ಮಾತ್ರ ನಾಟಿ, ಕಳೆ ಎರಡನ್ನೂ ಕಂಡು ಉಳಿಯುತ್ತಿತ್ತು. ದುಡಿಯುವ ಕೈಗೆ ಒಗ್ಗಿದ ಅಲಂಕಾರ ಎಂಬ ಕಾರಣಕ್ಕೇ ಇದನ್ನು ಗೌರವದಿಂದ ಕಾಣಬೇಕು.

ಮದುವೆಯಾದ ಹೊಸದರಲ್ಲಿ ಆಷಾಢಕ್ಕೆ ತವರಿಗೆ ಬಂದ ಮಗಳು, ಪಂಚಮಿಗೆ ಕರೆದು ತಂದ ಅಕ್ಕತಂಗಿಯರು, ಮಂಗಳವಾರಗಳಂದು ಮಣ್ಣಿನಲ್ಲಿ ಮಾಡಿ ಪೂಜಿಸುವ ಗುಳ್ಳವ್ವ, ಮರಕ್ಕೆ ಕಟ್ಟಿದ ಜೋಕಾಲಿ: ಇವೆಲ್ಲ ಒಂದೇ ಹೊತ್ತಿನವು. ಬಣ್ಣ ಗಾಢವಾದಷ್ಟೂ ಗಂಡನ ಪ್ರೀತಿ ಹೆಚ್ಚು ಎಂದು ಹಾಸ್ಯ ಮಾಡುವುದೂ ಆಗಲೇ. ತವರಿನಲ್ಲಿ ಹಚ್ಚಿದ ಕೆಂಪು ಅತ್ತೆಮನೆಗೆ ಹೋದ ಮೇಲೂ ತಿಂಗಳುಗಟ್ಟಲೆ ಕೈಯಲ್ಲಿ ಇರುತ್ತಿತ್ತು.

ಉಗುರಿಗೆ ಬಣ್ಣ ಕೊಡುವ ಮಳೆಗಾಲದ್ದೇ ಇನ್ನೊಂದು ಗಿಡ ಗೌರಿಹೂ, ಕರ್ಣಕುಂಡಲ ಎಂದೂ ಕರೆಯುವುದುಂಟು. ಕೊರಿಯಾದಲ್ಲಿ ಇದೇ ಜಾತಿಯ ಹೂವನ್ನು ಅರೆದು ಬೇಸಿಗೆಯಲ್ಲಿ ಹುಡುಗಿಯರ ಉಗುರಿಗೆ ಕಟ್ಟುತ್ತಾರೆ. ಮೊದಲ ಹಿಮ ಬೀಳುವವರೆಗೆ ಆ ಕೆಂಪು ಉಳಿದರೆ ಮೆಚ್ಚಿದವನು ಸಿಗುತ್ತಾನೆ ಎಂದು ಅಲ್ಲಿನ ನಂಬಿಕೆ. ಉಗುರಿನಿಂದ ಋತು ಅಳೆಯುವ ಬುದ್ಧಿ ಅಷ್ಟು ದೂರದ ದೇಶದಲ್ಲೂ ಹುಟ್ಟಿದೆ.

ಆಷಾಢ ಕಳೆದ ಮೇಲೆ ಬೇರೆ ಬಣ್ಣಗಳ ಸರದಿಯೂ ಬರುತ್ತದೆ. ಶ್ರಾವಣದ ಶುಕ್ರವಾರಗಳಿಂದ ಕಾರ್ತಿಕದ ಗೌರಿ ಹುಣ್ಣಿಮೆಯವರೆಗೆ ಅರಿಸಿನದ ಹಳದಿ ಮುಂದು. ಅರಿಸಿನ ಬಿಸಿಲಿಗೆ ಬೇಗ ಮಾಸುವ ಬಣ್ಣ, ಆದ್ದರಿಂದ ವಾರ ವಾರವೂ ಹೊಸದಾಗಿ ಹಚ್ಚಬೇಕು. ಮಾರ್ಗಶಿರದಲ್ಲಿ ಹಂಪಿಯ ವಿರೂಪಾಕ್ಷನಿಗೂ ಪಂಪಾಂಬಿಕೆಗೂ ನಿಶ್ಚಿತಾರ್ಥ, ಅದು ಫಲಪೂಜೆ. ಮದುವೆ ನಡೆಯುವುದು ಚೈತ್ರದಲ್ಲಿ, ರಥೋತ್ಸವದ ಹೊತ್ತಿಗೆ. ಹಂಪಿಯಲ್ಲೇ ಬಾಳಿದ ಕವಿ ಹರಿಹರ ‘ಗಿರಿಜಾಕಲ್ಯಾಣ’ ಬರೆದದ್ದೂ, 1510ರಲ್ಲಿ ಕೃಷ್ಣದೇವರಾಯ ಕಟ್ಟಿಸಿದ ರಂಗಮಂಟಪದ ಛಾವಣಿಯ ಚಿತ್ರಗಳಲ್ಲಿ ಶಿವಪಾರ್ವತಿಯರ ಕಲ್ಯಾಣ ಇರುವುದೂ ಇದೇ ಮದುವೆಯನ್ನು ನೆನಪಿಸುತ್ತವೆ. ದೇವರ ಮದುವೆಯ ಆಸುಪಾಸಿನಲ್ಲೇ ಊರಿನ ಮದುವೆಗಳೂ ನಡೆಯುವುದರಿಂದ ಬೇಸಿಗೆಯ ಗೋರಂಟಿ ಮದುಮಗಳ ಗೋರಂಟಿ. ಸೆಕೆಗೆ ಅದು ಏರುವಷ್ಟು ಚೆನ್ನಾಗಿ ಬೇರೆ ಕಾಲದಲ್ಲಿ ಏರುವುದಿಲ್ಲ.

ಅದಕ್ಕೂ ಮೊದಲು, ಫಾಲ್ಗುಣದಲ್ಲಿ, ಎಲೆ ಉದುರಿದ ಗುಡ್ಡಗಳಲ್ಲಿ ಮುತ್ತುಗ ಹೂಬಿಡುತ್ತದೆ. ಕಾಮನ ಹಬ್ಬದ ಓಕುಳಿಗೆ ಅದನ್ನು ಕುದಿಸಿ ಕಿತ್ತಳೆ ನೀರು ಮಾಡುತ್ತಿದ್ದರು. ಅರಿಸಿನದ ನೀರಿಗೆ ಸುಣ್ಣ ಬೆರೆಸಿದರೆ ಕೆಂಪೋಕುಳಿ. ಆ ವಾರ ಗಂಡು ಹೆಣ್ಣೆನ್ನದೆ ಊರಿಗೆ ಊರೇ ಬಣ್ಣದ ಉಗುರಿನದು.

ಸಂಡೂರಿನ ಕೆಂಪು ಬೇರೆ ಬಗೆಯದು. ಅಲ್ಲಿನ ಗುಡ್ಡಗಳ ಹೆಮಟೈಟ್ ಅದಿರನ್ನು ಉಜ್ಜಿದರೆ ಕೆಂಪು ಪುಡಿ ಬರುತ್ತದೆ. ಗೋಡೆಗೆ, ಕಟ್ಟೆಗೆ ಬಳಿಯುವ ಕೆಮ್ಮಣ್ಣಿನ ಬಣ್ಣವೂ ಕಬ್ಬಿಣದ ಇದೇ ಆಕ್ಸೈಡಿನದು. 2000ದ ನಂತರ ಚೀನಾದ ಬೇಡಿಕೆಯಿಂದ ಗಣಿಗಾರಿಕೆ ಉಕ್ಕಿದ ವರ್ಷಗಳಲ್ಲಿ ಅದಿರು ಒಡೆದು ಆರಿಸಿದ ಹೆಂಗಸರ ಉಗುರು ವರ್ಷವಿಡೀ ಕೆಂಪಾಗಿತ್ತು. ಅದು ಯಾರೂ ಆರಿಸಿಕೊಂಡ ಬಣ್ಣವಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿದಾಗ ಆ ದೂಳು ಒಮ್ಮೆಗೇ ಕಡಿಮೆಯಾಯಿತು, ಅದರ ಜೊತೆ ಕೂಲಿಯೂ ಹೋಯಿತು. ಇದೇ ಕಬ್ಬಿಣದ ಆಕ್ಸೈಡ್, ಕಾರ್ಖಾನೆಯಲ್ಲಿ ಶುದ್ಧವಾಗಿ ತಯಾರಿಸಿದ ರೂಪದಲ್ಲಿ, ಇಂದಿನ ನೇಲ್ ಪಾಲಿಶ್‌ನ ಇಟ್ಟಿಗೆಗೆಂಪು, ಕಂದು ಬಣ್ಣಗಳಲ್ಲಿದೆ. ಸಂಡೂರಿನ ತಾಂಡಾಗಳ ಲಂಬಾಣಿ ಹೆಂಗಸರು ಕೆಂಪನ್ನು ಉಟ್ಟದ್ದು ಕಸೂತಿಯಲ್ಲಿ.

ಸೀಸೆಯ ಬಣ್ಣ ಹುಟ್ಟಿದ್ದು ಅಮೆರಿಕದಲ್ಲಿ. ಕ್ಯುಟೆಕ್ಸ್ ಕಂಪನಿ 1917ರಲ್ಲಿ ದ್ರವರೂಪದ ಉಗುರುಬಣ್ಣ ತಂದಿತು. ಮೋಟಾರು ಗಾಡಿಗೆ ಬಳಿಯುವ ನೈಟ್ರೋಸೆಲ್ಯುಲೋಸ್ ಬಣ್ಣದ ತಂತ್ರವೇ ಉಗುರಿಗೂ ಬಂತು. 1932ರಲ್ಲಿ ಆರಂಭವಾದ ರೆವ್ಲಾನ್ ತಿಳಿಯಾದ ಬಣ್ಣದ ಬದಲು ದಟ್ಟ ಬಣ್ಣಗಳನ್ನು ಮಾರಿತು. ಮುಂದೆ ತುಟಿಗೂ ಉಗುರಿಗೂ ಹೊಂದುವ ಬಣ್ಣ, ವಸಂತಕ್ಕೊಂದು ಶರತ್ಕಾಲಕ್ಕೊಂದು ಹೊಸ ಬಣ್ಣ ಎಂಬ ಪದ್ಧತಿಯನ್ನು ವ್ಯಾಪಾರಕ್ಕೆ ತಂದಿತು. ಒಂದು ಸೀಸೆ ಮುಗಿಯುವ ಮೊದಲೇ ಇನ್ನೊಂದನ್ನು ಕೊಳ್ಳುವಂತೆ ಮಾಡುವ ಉಪಾಯ ಅದು. ಭಾರತದಲ್ಲಿ ಟಾಟಾ ಸಂಸ್ಥೆ 1952ರಲ್ಲಿ ಲ್ಯಾಕ್ಮೆ ಆರಂಭಿಸಿತು. 1990ರ ದಶಕದಲ್ಲಿ ಅದು ಹಿಂದೂಸ್ತಾನ್ ಲೀವರ್ ಕೈಗೆ ಹೋಯಿತು, ವಿದೇಶಿ ಕಂಪನಿಗಳೂ ಆಗಲೇ ಬಂದವು. ಹೊಸಪೇಟೆ ಕಡೆಯ ಹುಡುಗಿಯರಿಗೆ ಸೀಸೆ ಸಿಕ್ಕಿದ್ದು ಬಳೆ ಅಂಗಡಿ, ಫ್ಯಾನ್ಸಿ ಸ್ಟೋರ್, ಜಾತ್ರೆಯ ಸಾಲು ಅಂಗಡಿಗಳಲ್ಲಿ. ಹಸಿರು ಬಳೆ, ಟೇಪು, ಸ್ಟಿಕ್ಕರ್ ಬೊಟ್ಟಿನ ಪಕ್ಕದಲ್ಲಿ ಬೆರಳುದ್ದದ ಸೀಸೆಗಳು.

ಅಮೆರಿಕದ ಋತುಗಳು ಮಾತ್ರ ಇಲ್ಲಿಗೆ ಹೊಂದಲಿಲ್ಲ. ಅಲ್ಲಿ ಸೆಪ್ಟೆಂಬರ್ ಬಳಿಕ ಎಲೆ ಕೆಂಪಾಗಿ ಉದುರುತ್ತದೆ. ಅದಕ್ಕೆಂದು ಮರೂನ್, ಕಾಫಿ, ತಾಮ್ರದ ಬಣ್ಣ. ಸಂಡೂರಿನ ಗುಡ್ಡಗಳು ವರ್ಷದಲ್ಲೇ ಹೆಚ್ಚು ಹಸಿರಾಗಿರುವುದು ಆ ಸೆಪ್ಟೆಂಬರಿನಲ್ಲಿ. 1934ರಲ್ಲಿ ಬಂದಿದ್ದ ಗಾಂಧೀಜಿ ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಎಂದರೆಂದು ಊರಿನವರು ಇಂದಿಗೂ ಹೇಳುವುದು ಈ ಹಸಿರಿಗಾಗಿಯೇ. ಇಲ್ಲಿ ಎಲೆ ಉದುರುವುದು ಮಾಘ, ಫಾಲ್ಗುಣದಲ್ಲಿ, ಆಗಲೇ ಮುತ್ತುಗದ ಕಿತ್ತಳೆ. ಪತ್ರಿಕೆಗಳ ಬಣ್ಣದ ಪಟ್ಟಿಯಲ್ಲಿ ಈ ಋತುಮಾನಕ್ಕೆ ಜಾಗ ಸಿಕ್ಕಿಲ್ಲ. ಹವೆಯೂ ತನ್ನ ಕೆಲಸ ಮಾಡುತ್ತದೆ: ಏಪ್ರಿಲ್ ಸೆಕೆಗೆ ಸೀಸೆಯ ದ್ರಾವಕ ಆರಿ ಬಣ್ಣ ಗಟ್ಟಿಯಾಗುತ್ತದೆ, ಉಗುರ ಮೇಲೆ ಗುಳ್ಳೆ ಏಳುತ್ತದೆ, ಮಳೆಗಾಲದ ತೇವಕ್ಕೆ ಹೊಳಪು ಮಂಕಾಗುತ್ತದೆ.

ಋತುವಿನ ಬದಲು ಹಬ್ಬವನ್ನು ಹಿಡಿದ ಬಣ್ಣದ ಪಟ್ಟಿ ಬೇಗ ಬೇರೂರಿತು. ನವರಾತ್ರಿಯ ಒಂಬತ್ತು ದಿನಕ್ಕೆ ಒಂಬತ್ತು ಬಣ್ಣ ಎಂಬ ರೂಢಿಯನ್ನು 2003ರ ಸುಮಾರಿಗೆ ಮುಂಬೈನ ಮರಾಠಿ ಪತ್ರಿಕೆಯೊಂದು ಹಬ್ಬಿಸಿತು. ಈಗ ಕರ್ನಾಟಕದ ಕಚೇರಿ, ಶಾಲೆ, ಬ್ಯಾಂಕುಗಳಲ್ಲೂ ಸೀರೆ, ಬಳೆ, ಉಗುರು ಮೂರನ್ನೂ ಆ ಪಟ್ಟಿಗೆ ಹೊಂದಿಸುವವರಿದ್ದಾರೆ. ಇದು ಶಾಸ್ತ್ರದ ಮಾತಲ್ಲ, ಎರಡು ದಶಕದ ಈಚಿನ ಸಂತೋಷ. ಹಾಗೆಂದು ತಿಳಿದು ಆಚರಿಸಿದರೆ ತಪ್ಪೇನಿಲ್ಲ.

ಗೋರಂಟಿ ಈ ನಡುವೆ ಸತ್ತಿಲ್ಲ. ನಮಾಜಿಗೆ ಮುನ್ನ ಕೈಕಾಲು, ಮುಖ ತೊಳೆಯುವ ವುಜೂ ಮಾಡುವಾಗ ನೀರು ಉಗುರಿಗೆ ತಾಗಬೇಕು ಎಂಬ ನಿಯಮದಿಂದ ಮುಸ್ಲಿಂ ಮನೆಗಳಲ್ಲಿ ಪಾಲಿಶ್‌ಗಿಂತ ಮೆಹಂದಿಗೇ ಮನ್ನಣೆ ಉಳಿದಿದೆ, ಏಕೆಂದರೆ ಅದು ಪೊರೆ ಕಟ್ಟುವುದಿಲ್ಲ. ಕೆಟ್ಟ ಬದಲಾವಣೆ ಬಂದದ್ದು ಬೇರೆ ದಾರಿಯಿಂದ. ಹತ್ತೇ ನಿಮಿಷದಲ್ಲಿ ಕಪ್ಪಾಗುವ ‘ಕಪ್ಪು ಮೆಹಂದಿ’ಯಲ್ಲಿ ಕೂದಲಿಗೆ ಹಚ್ಚುವ ಪಿಪಿಡಿ ಎಂಬ ರಾಸಾಯನಿಕ ಬೆರೆತಿರುವುದುಂಟು, ಅದರಿಂದ ಚರ್ಮ ಬೊಬ್ಬೆ ಏಳುತ್ತದೆ, ಒಮ್ಮೆ ಅಲರ್ಜಿ ಹತ್ತಿದರೆ ಜೀವಮಾನವಿಡೀ ಬಿಡುವುದಿಲ್ಲ. ನಿಜವಾದ ಗೋರಂಟಿ ಎಂದೂ ಕಪ್ಪಾಗಿ ಏರುವುದಿಲ್ಲ, ಹತ್ತು ನಿಮಿಷದಲ್ಲಂತೂ ಏರುವುದೇ ಇಲ್ಲ. ಮಕ್ಕಳ ಕೈಗೆ ಹಚ್ಚುವ ಮುನ್ನ ಮೆಹಂದಿ ಕೋನ್‌ನ ಮೇಲಿನ ಪಟ್ಟಿಯನ್ನು ಓದಬೇಕು.

ಅದಕ್ಕಿಂತ ಒಳ್ಳೆಯದು ಹಿತ್ತಲಲ್ಲೊಂದು ಗಿಡ. ಗೋರಂಟಿ ಬೀಜ ಬೇಡದೆ ಕಡ್ಡಿಯಿಂದಲೇ ಬೆಳೆಯುತ್ತದೆ. ಮುಂಗಾರಿನಲ್ಲಿ ಒಂದು ಗೇಣು ಕಡ್ಡಿ ಊರಿ ಬೇರು ಹಿಡಿಯುವವರೆಗೆ ನೀರು ಹಾಕಿದರೆ ಸಾಕು, ಆಮೇಲೆ ಬಳ್ಳಾರಿಯ ಬಿಸಿಲನ್ನೂ ಅದು ತಡೆದುಕೊಳ್ಳುತ್ತದೆ.